ಕಾಣುತ್ತೆ, ಸ್ವಲ್ಪ ತಡೀರಿ

ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿರುವವರ ಕಣ್ಣನ್ನು ಯಾವತ್ತಾದರೂ ಗಮನಿಸಿದ್ದೀರಾ? (ಅಪರಿಚಿತರದ್ದಾದರೆ ಬೇಡ, ತಪ್ಪು ತಿಳಿದಾರು.) ಕಣ್ಣುಗುಡ್ಡೆ ಒಂದು ತೆಂಗಿನಮರವನ್ನೋ ಲೈಟು ಕಂಬವನ್ನೋ ಹಿಡಿದುಕೊಂಡು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಅದು ಕೈತಪ್ಪುವಷ್ಟರಲ್ಲಿ ಚಕ್ಕನೆ ಮುಂದಕ್ಕೆ ನೆಗೆದು ಇನ್ನೊಂದನ್ನು ಹಿಡಿಯುತ್ತದೆ. ಮತ್ತೆ ಜಾರು, ಮತ್ತೆ ನೆಗೆತ. ಅರಸೀಕೆರೆ ಬಿಟ್ಟು ಬೀರೂರು ಬರುವವರೆಗೂ ಇದೇ ಕೆಲಸ. ನೋಡುತ್ತಿರುವವರಿಗೆ ಇದರ ಸುಳಿವೇ ಇರುವುದಿಲ್ಲ, ಹೊರಗಿನ ತೋಟ ಗದ್ದೆಗಳನ್ನು ಆರಾಮಾಗಿ ನೋಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಓಡುವ ನೋಟ ಕಲಸಿಹೋಗದಿರಲಿ ಎಂದು ಮಿದುಳು ಮಾಡಿಕೊಂಡಿರುವ ಏರ್ಪಾಡು ಇದು. ವೈದ್ಯರು ಇದಕ್ಕೆ ಆಪ್ಟೊಕೈನೆಟಿಕ್ ನಿಸ್ಟ್ಯಾಗ್ಮಸ್ ಎನ್ನುತ್ತಾರೆ. ಎಲ್ಲರಿಗೂ ಉಂಟು. ರೈಲು ನಿಂತರೆ ಇದೂ ನಿಲ್ಲುತ್ತದೆ.

ನನ್ನಂಥ ಕೆಲವರಿಗೆ ರೈಲು ನಿಲ್ಲುವುದೇ ಇಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತು ಎದುರು ಗೋಡೆಯ ಕ್ಯಾಲೆಂಡರ್ ನೋಡುವಾಗಲೂ ಕಣ್ಣು ಒಂದು ಪಕ್ಕಕ್ಕೆ ಜಾರುತ್ತದೆ, ಚಕ್ಕನೆ ವಾಪಸ್ ಬರುತ್ತದೆ. ಸೆಕೆಂಡಿಗೆ ಎರಡೋ ಮೂರೋ ಸಲ, ಕೆಲವರಲ್ಲಿ ಇನ್ನೂ ಬೇಗ. ನಿದ್ದೆಯಲ್ಲಿ ಮಾತ್ರ ಬಿಡುವು. ಹೀಗೆ ತಾನಾಗಿ, ಬಿಡದೆ ಆಡುವ ಕಣ್ಣಿಗೆ ನಿಸ್ಟ್ಯಾಗ್ಮಸ್ ಎಂದಷ್ಟೇ ಹೆಸರು. ಜಾರಿ ನೆಗೆಯುವುದು ಒಂದು ಬಗೆ. ಎರಡೂ ಕಡೆಗೆ ಒಂದೇ ವೇಗದಲ್ಲಿ ತೂಗುವುದು ಇನ್ನೊಂದು ಬಗೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಕಾಣಿಸಿಕೊಳ್ಳುವುದರಲ್ಲಿ ಕಣ್ಣು ಸಾಮಾನ್ಯವಾಗಿ ಎಡ-ಬಲಕ್ಕೆ ಆಡುತ್ತದೆ, ಎರಡು ಕಣ್ಣೂ ಜೊತೆಜೊತೆಯಾಗಿ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 10,000 ಜನರಲ್ಲಿ ಸುಮಾರು 24 ಮಂದಿಗೆ ಯಾವುದಾದರೊಂದು ರೂಪದ ನಿಸ್ಟ್ಯಾಗ್ಮಸ್ ಇದೆ ಎಂದು ಅಂದಾಜು ಮಾಡಿತು. ಅದೇ ಲೆಕ್ಕ ನಮ್ಮಲ್ಲೂ ಹಿಡಿದರೆ, 50,000 ಜನರಿರುವ ಒಂದು ತಾಲ್ಲೂಕು ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ಮಂದಿ ಇರಬೇಕು. ಅವರಲ್ಲಿ ಎಷ್ಟು ಮಂದಿಗೆ ತಮ್ಮದಕ್ಕೊಂದು ಹೆಸರಿದೆ ಎಂದು ಗೊತ್ತಿದೆಯೋ! ನಮ್ಮೂರಲ್ಲಿ ನನಗಿದ್ದ ಹೆಸರು ‘ಕಣ್ಣಾಡಿಸೋ ಹುಡುಗ’ ಅಷ್ಟೇ.

ಮೊದಲೇ ಒಂದು ಗೊಂದಲ ತಿಳಿಯಾಗಲಿ. ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ, ಎಡಗಣ್ಣು ಅದುರಿದರೆ ಕೇಡು ಎನ್ನುತ್ತೇವಲ್ಲ, ಅಲ್ಲಿ ಅದುರುವುದು ರೆಪ್ಪೆ. ನಿದ್ದೆಗೆಟ್ಟವರಿಗೆ, ಕಾಫಿ ಜಾಸ್ತಿ ಕುಡಿದವರಿಗೆ ರೆಪ್ಪೆಯ ಸ್ನಾಯು ಮಿಡಿದು ನಾಲ್ಕು ದಿನದಲ್ಲಿ ತಾನೇ ಸುಮ್ಮನಾಗುತ್ತದೆ. ನಿಸ್ಟ್ಯಾಗ್ಮಸ್‌ನಲ್ಲಿ ಆಡುವುದು ಗುಡ್ಡೆ. ಹಾಗೆಯೇ ಇದು ಮೆಳ್ಳೆಗಣ್ಣೂ ಅಲ್ಲ, ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲದಿದ್ದರೂ. ನನ್ನ ಅಜ್ಜಿ ಇವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ, ಮಗುವಿಗೆ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಕೆಮ್ಮು ಬರುತ್ತಿತ್ತು, ಕಣ್ಣು ಆಡುತ್ತಲೇ ಇತ್ತು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಹಾಗಾದ್ರೆ ನಿಮಗೆ ಎಲ್ಲಾ ಅಲ್ಲಾಡ್ತಾ ಇರೋ ಹಾಗೆ ಕಾಣುತ್ತಾ?” ಹುಟ್ಟಿನಿಂದ ಬಂದವರಿಗೆ ಸಾಮಾನ್ಯವಾಗಿ ಇಲ್ಲ. ಕಣ್ಣು ಆಡುತ್ತಿದೆ ಎನ್ನುವುದು ಮಿದುಳಿಗೆ ಗೊತ್ತು. ಆ ಚಲನೆಯನ್ನು ಕಳೆದು, ನಿಂತ ಜಗತ್ತನ್ನೇ ಅದು ನಮಗೆ ಕೊಡುತ್ತದೆ. ಕನ್ನಡಿ ಮುಂದೆ ನಿಂತರೆ ನನ್ನ ಕಣ್ಣು ನನಗೆ ನಿಂತಂತೆಯೇ ಕಾಣುತ್ತದೆ. ಅದು ಆಡುವುದನ್ನು ನಾನು ಮೊದಲು ನೋಡಿದ್ದು ಮದುವೆಮನೆಯೊಂದರ ವಿಡಿಯೊದಲ್ಲಿ, ಕಾಲೇಜು ಮುಗಿದ ಮೇಲೆ. ಅದುವರೆಗೆ ಜನ ಹೇಳುತ್ತಿದ್ದುದು ಉತ್ಪ್ರೇಕ್ಷೆ ಎಂದೇ ಇದ್ದೆ. ದೊಡ್ಡವರಾದ ಮೇಲೆ ಬಂದವರ ಕಥೆ ಬೇರೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್ ಮೊದಲಾದವುಗಳಿಂದ ಕಣ್ಣು ಆಡಲು ಶುರುವಾದರೆ ಮಿದುಳಿಗೆ ಹೊಂದಿಕೊಳ್ಳಲು ಪುರಸೊತ್ತು ಸಿಕ್ಕಿರುವುದಿಲ್ಲ. ಅವರಿಗೆ ಗೋಡೆ, ಬಾಗಿಲು, ಎದುರು ಕೂತವರ ಮುಖ ಎಲ್ಲವೂ ಓಲಾಡುತ್ತವೆ. ನಡೆದರೆ ತಲೆಸುತ್ತು, ಕೂತರೆ ವಾಕರಿಕೆ. ಹೆಸರು ಒಂದೇ ಆದರೂ ಅವರ ಕಷ್ಟದ ಮುಂದೆ ನಮ್ಮದು ಸಣ್ಣದು.

ಹಾಗಾದರೆ ನಮ್ಮದೇನು ಕಷ್ಟ? ಸಮಯ. ಇದನ್ನು ಹೇಳಿ ತಿಳಿಸುವುದು ಭಾರಿ ಕಷ್ಟ, ಏಕೆಂದರೆ ಕಣ್ಣಿನ ತೊಂದರೆ ಎಂದರೆ ‘ಎಷ್ಟು ದೂರ ಕಾಣುತ್ತೆ, ಎಷ್ಟು ಸಣ್ಣದು ಕಾಣುತ್ತೆ’ ಎನ್ನುವ ಎರಡೇ ಪ್ರಶ್ನೆ ಎಲ್ಲರ ತಲೆಯಲ್ಲಿ ಇರುವುದು. ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಪುಟ್ಟ ಜಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಇಂಥ ಸೂಕ್ಷ್ಮ ಕೆಲಸವೆಲ್ಲ ಅದರ ಪಾಲಿಗೆ. ನೋಡಬೇಕಾದ ವಸ್ತುವಿನ ಬಿಂಬ ಅಲ್ಲಿ ಬಂದು ಕೂರಬೇಕು, ಕೂತು ಒಂದಿಷ್ಟು ಹೊತ್ತು ಕದಲದೆ ಇರಬೇಕು. ಆಡುವ ಕಣ್ಣಿನಲ್ಲಿ ಬಿಂಬ ಆ ಜಾಗದ ಮೇಲೆ ಬಂದು, ಜಾರಿ, ಮತ್ತೆ ಬರುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಕಣ್ಣು ನಿಧಾನಿಸುವ ಒಂದು ಕಿರುಗಳಿಗೆ ಇರುತ್ತದೆ. ನಮಗೆ ಚೆನ್ನಾಗಿ ಕಾಣುವುದು ಆ ಕಿರುಗಳಿಗೆಯಲ್ಲೇ. ಆ ಗಳಿಗೆ ಉದ್ದವಿದ್ದವರಿಗೆ ದೃಷ್ಟಿ ಚೆನ್ನಾಗಿರುತ್ತದೆ, ಗಿಡ್ಡವಿದ್ದವರಿಗೆ ಮಂಜು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಣ್ಣಿನ ಚಲನೆಯನ್ನು ದಶಕಗಟ್ಟಲೆ ಅಳೆದ ಲೂಯಿಸ್ ಡೆಲ್‌ಓಸ್ಸೊ ಮತ್ತವರ ಸಹೋದ್ಯೋಗಿಗಳು 2007ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಹೊಸ ವಸ್ತುವೊಂದು ಕಣ್ಣೆದುರು ಬಂದಾಗ ಇಂಥವರ ದೃಷ್ಟಿ ಅದರ ಮೇಲೆ ನೆಲೆಗೊಳ್ಳಲು ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ವಸ್ತು ಕಣ್ಣಿನ ಸುತ್ತಿನ ಯಾವ ಘಟ್ಟದಲ್ಲಿ ಬಂತು ಎನ್ನುವುದರ ಮೇಲೆ ಎಷ್ಟು ತಡವಾಗುತ್ತದೆ ಎನ್ನುವುದು ನಿಂತಿದೆ. ಆ ಲೇಖನ ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಕಾಣುವುದಿಲ್ಲ ಎಂದೇನಲ್ಲ, ತಡವಾಗಿ ಕಾಣುತ್ತದೆ ಎಂದು ಅಮ್ಮನ ಹತ್ತಿರ, ಮೇಷ್ಟರ ಹತ್ತಿರ, ಗೆಳೆಯರ ಹತ್ತಿರ ಎಷ್ಟು ಹೇಳಿದರೂ ಅದು ನೆಪದ ಹಾಗೆ ಕೇಳುತ್ತಿತ್ತು.

ಊರಿನ ವ್ಯವಸ್ಥೆಯೆಲ್ಲ ಒಂದು ಸೆಕೆಂಡಿನಲ್ಲಿ ನೋಡಿ ಮುಗಿಸುವವರಿಗಾಗಿ ಕಟ್ಟಿದ್ದು. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ನಿಲ್ಲಿ. 500-ಡಿ ಬೇಕು. ದೂರದಲ್ಲಿ ಬಸ್ಸು ಕಾಣುತ್ತದೆ, ನೆತ್ತಿಯ ಮೇಲೆ ಎಲ್‌ಇಡಿ ಬೋರ್ಡು ಮಿಣುಗುತ್ತದೆ, ಅಕ್ಷರ ಪಕ್ಕಕ್ಕೆ ಓಡುತ್ತದೆ. ಅಕ್ಷರವೂ ಓಡಿ ಕಣ್ಣೂ ಓಡಿದರೆ ಇಬ್ಬರಿಗೂ ಭೇಟಿಯೇ ಆಗುವುದಿಲ್ಲ. ಬಸ್ಸು ಎದುರಿಗೆ ಬಂದು ನಿಂತು, ನಾನು ಬೋರ್ಡು ಓದಿ ಮುಗಿಸುವ ಹೊತ್ತಿಗೆ ಕಂಡಕ್ಟರ್ ‘ರೈಟ್’ ಅಂದಿರುತ್ತಾರೆ. ಬಣ್ಣ ಬಳಿದ ಹಳೆಯ ತಗಡಿನ ಬೋರ್ಡೇ ನನಗೆ ಹಿತವಾಗಿತ್ತು ಎಂದರೆ ಪ್ರಗತಿವಿರೋಧಿ ಅನ್ನುತ್ತಾರೆ. ಈಗ ಫೋನಿನ ಕ್ಯಾಮೆರಾ ಒಂದು ವರ. ದೂರದಿಂದಲೇ ಚಿತ್ರ ಹೊಡೆದು, ಹಿಗ್ಗಿಸಿ, ಹತ್ತಿರ ಹಿಡಿದು ಓದಿಕೊಳ್ಳುತ್ತೇನೆ. ಚಿತ್ರ ಓಡಿಹೋಗುವುದಿಲ್ಲ. ಹತ್ತಿರದಲ್ಲಿ ಎರಡೂ ಕಣ್ಣು ಒಳಮುಖವಾಗಿ ಕೂಡುವಾಗ ಹಲವರಲ್ಲಿ ಕಣ್ಣಿನ ಆಟವೂ ತಗ್ಗುತ್ತದೆ. ದೂರದ ಬೋರ್ಡು ಓದಲಾಗದವರು ಪುಸ್ತಕ ಸಲೀಸಾಗಿ ಓದುವುದಕ್ಕೆ ಇದೂ ಒಂದು ಕಾರಣ. “ಪೇಪರ್ ಓದ್ತೀಯ, ಬಸ್ ನಂಬರ್ ಕಾಣಲ್ವಾ?” ಎಂದು ಹುಬ್ಬು ಹಾರಿಸುವವರು ಇದನ್ನು ದಯವಿಟ್ಟು ಗಮನಿಸಬೇಕು.

ದರ್ಶಿನಿಯ ಕಥೆಯೂ ಅದೇ. ಕ್ಯಾಷ್ ಕೌಂಟರಿನ ಮೇಲೆ, ಸೀಲಿಂಗಿಗೆ ಹತ್ತಿರದಲ್ಲಿ ಮೆನು. ಹಿಂದೆ ಹಸಿದವರ ಸಾಲು. ಗಲ್ಲಾದಲ್ಲಿ ಕೂತವರು “ಏನ್ ಸಾರ್?” ಎಂದ ತಕ್ಷಣ ನನ್ನ ಕಣ್ಣಿನ ಆಟ ಇನ್ನಷ್ಟು ಹೆಚ್ಚುತ್ತದೆ. ಗಾಬರಿ, ಆಯಾಸ, ಜ್ವರ, ನಿದ್ದೆಗೇಡು ಯಾವುದಾದರೂ ಸರಿ, ಇದನ್ನು ಕೆಣಕುತ್ತದೆ. ಕಾಣಲೇಬೇಕು ಎಂದು ಹಟ ಹಿಡಿದಷ್ಟೂ ಕಾಣುವುದಿಲ್ಲ. ಹಾಗಾಗಿ ನಾನು ಮೆನು ನೋಡುವ ಉಸಾಬರಿಗೇ ಹೋಗದೆ ಇಡ್ಲಿ-ವಡೆ ಎನ್ನುತ್ತೇನೆ. ಇಡ್ಲಿ-ವಡೆ ಇಲ್ಲದ ದರ್ಶಿನಿ ಇಲ್ಲವಲ್ಲ. ಮೇಲೆ ಬೋರ್ಡಿನಲ್ಲಿ ಎಷ್ಟೆಷ್ಟು ಬಗೆಯ ತಿಂಡಿಗಳು ನನಗೆ ತಿಳಿಯದೆ ಬಂದು ಹೋದವೋ.

ಇವು ಹೊಟ್ಟೆಪಾಡಿನ ತಾಪತ್ರಯ, ನಗುತ್ತಾ ಹೇಳಬಹುದು. ಮನಸ್ಸಿಗೆ ನಾಟುವಂಥದ್ದು ಜನರ ನಡುವೆ ಆಗುತ್ತದೆ. ಮದುವೆಮನೆಯಲ್ಲಿ ಎದುರಿನಿಂದ ಚಿಕ್ಕಪ್ಪನ ಮಗ ಬರುತ್ತಾನೆ, ನಕ್ಕು ಕೈಯೆತ್ತುತ್ತಾನೆ. ಆ ನೂರು ಮುಖಗಳಲ್ಲಿ ಅವನ ಮುಖದ ಮೇಲೆ ನನ್ನ ಕಣ್ಣು ನೆಲೆಸುವಷ್ಟರಲ್ಲಿ ಅವನು ದಾಟಿ ಹೋಗಿರುತ್ತಾನೆ. ಸಂಜೆ ಹೊತ್ತಿಗೆ ಸುದ್ದಿ: “ಬೆಂಗಳೂರು ಸೇರಿದ ಮೇಲೆ ಅವನಿಗೆ ಜಂಬ, ನೋಡಿದ್ರೂ ನೋಡದವನ ಹಾಗೆ ಹೋದ.” ಗೊತ್ತಿರುವ ಸ್ನೇಹಿತರು ಈಗ ಕೈ ಬೀಸುವುದಿಲ್ಲ, ಹೆಸರು ಹಿಡಿದು ಕೂಗುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಯಾರನ್ನಾದರೂ ಭೇಟಿಯಾಗಬೇಕಿದ್ದರೆ ನಾನು ಒಂದು ಜಾಗದಲ್ಲಿ ನಿಲ್ಲುತ್ತೇನೆ, ಹುಡುಕುವ ಕೆಲಸ ಅವರದು.

ಇನ್ನು ಕತ್ತಿನ ವಿಚಾರ. ನಿಸ್ಟ್ಯಾಗ್ಮಸ್ ಇರುವ ಬಹಳಷ್ಟು ಮಂದಿಗೆ ಕಣ್ಣು ಅತಿ ಕಡಿಮೆ ಆಡುವ ಒಂದು ದಿಕ್ಕು ಇರುತ್ತದೆ. ನನಗೆ ಅದು ಎಡಗಡೆ. ಕಣ್ಣನ್ನು ಎಡಮೂಲೆಗೆ ತಿರುಗಿಸಿಕೊಂಡರೆ ಆಟ ತಗ್ಗಿ ಅಕ್ಷರ ತಿಳಿಯಾಗುತ್ತದೆ. ನೋಡಬೇಕಾದ್ದು ಎದುರಿಗಿರುವಾಗ ಕಣ್ಣು ಎಡಕ್ಕೆ ಬರಬೇಕಾದರೆ ಮುಖ ಬಲಕ್ಕೆ ತಿರುಗಬೇಕಲ್ಲ. ಹಾಗಾಗಿ ಟಿ.ವಿ. ನೋಡುವಾಗ ನನ್ನ ಮುಖ ಪಕ್ಕದ ಕಿಟಕಿಯ ಕಡೆ ಇರುತ್ತದೆ. ಇದನ್ನು ಯಾರೂ ಕಲಿಸಿದ್ದಲ್ಲ, ಮಗು ತಾನೇ ಕಂಡುಕೊಳ್ಳುತ್ತದೆ. ಕಂಡುಕೊಂಡದ್ದನ್ನು ಬಿಡಿಸಲು ನಾವೆಲ್ಲ ಟೊಂಕ ಕಟ್ಟಿ ನಿಲ್ಲುತ್ತೇವೆ. “ನೆಟ್ಟಗೆ ಕೂತ್ಕೊಳೋ” ಎಂದು ಮೇಷ್ಟರು ಗಲ್ಲ ಹಿಡಿದು ತಿರುಗಿಸಿದಾಗಲೆಲ್ಲ ನನಗೆ ಬೋರ್ಡು ಮಾಯವಾಗುತ್ತಿತ್ತು. ಪಾಪ, ಅವರಿಗೆ ಗೊತ್ತಿರಲಿಲ್ಲ. ಆದರೆ ಈಗ ಗೊತ್ತಾಗಬಹುದಾದ ಕಾಲ. ಇಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಕೆಲಸ ಅರ್ಧ ಮಾತ್ರ ಮುಗಿಯಿತು. ಯಾವ ಬದಿ ಎನ್ನುವುದೂ ಮುಖ್ಯ. ಎಡಕ್ಕೆ ನೋಡಿದರೆ ಕಾಣುವ ಮಗು ತರಗತಿಯ ಬಲಬದಿಯಲ್ಲಿ ಕೂರಬೇಕು, ಆಗ ಬೋರ್ಡು ತಾನಾಗಿ ಅದರ ಎಡಕ್ಕೆ ಬರುತ್ತದೆ. ಬಲಕ್ಕೆ ನೋಡುವ ಮಗು ಎಡಬದಿಯಲ್ಲಿ. ಇಬ್ಬರಿಗೆ ಒಂದು ಪುಸ್ತಕ ಎನ್ನುವುದು ಈ ಮಕ್ಕಳಿಗೆ ಆಗದ ಮಾತು, ನಡುವೆ ಇಟ್ಟ ಪುಸ್ತಕ ದೂರವೂ ಆಯಿತು, ತಪ್ಪು ದಿಕ್ಕಿನಲ್ಲೂ ಆಯಿತು. ಪುಸ್ತಕವನ್ನು ಮೂಗಿಗೆ ತಾಗುವ ಹಾಗೆ ಹಿಡಿದರೆ ಹಿಡಿಯಲಿ, ಅದರಿಂದ ಈ ತೊಂದರೆ ಹೆಚ್ಚುವುದಿಲ್ಲ.

ಕನ್ನಡ ಓದುವುದರಲ್ಲಿ ಒಂದು ವಿಶೇಷ ಪೇಚಿದೆ. ನಮ್ಮ ಅಕ್ಷರಗಳಲ್ಲಿ ಎಷ್ಟೋ ಜೋಡಿಗಳ ವ್ಯತ್ಯಾಸ ನಿಂತಿರುವುದು ಮಹಾಪ್ರಾಣದ ಆ ಕೂದಲೆಳೆಯ ಸೀಳಿನ ಮೇಲೆ: ದ-ಧ, ಡ-ಢ, ಪ-ಫ. ಜೊತೆಗೆ ಕೆಳಗೆ ನೇತಾಡುವ ಒತ್ತಕ್ಷರ, ಪಕ್ಕಕ್ಕೆ ಅಂಟಿದ ದೀರ್ಘ. ಇಂಥ ಕಣ್ಣಿಗೆ ಅಕ್ಷರಗಳು ಒತ್ತೊತ್ತಾಗಿ ಕೂತರೆ ಬಿಡಿಯಾಗಿದ್ದಾಗಿಗಿಂತ ಓದುವುದು ಹೆಚ್ಚು ಕಷ್ಟ. ಹಾಗಾಗಿ ನಾನು ಅಕ್ಷರ ಬಿಡಿಸಿ ಓದುವುದಕ್ಕಿಂತ ಸಂದರ್ಭ ಹಿಡಿದು ಊಹಿಸುವುದೇ ಜಾಸ್ತಿ. ಸಾಮಾನ್ಯವಾಗಿ ಊಹೆ ಸರಿ ಬರುತ್ತದೆ. ಒಮ್ಮೆ ಮಾತ್ರ ಪಂಚಾಯಿತಿ ನೋಟಿಸಿನಲ್ಲಿದ್ದ ಧನಸಹಾಯವನ್ನು ದನಸಹಾಯ ಎಂದು ಓದಿ, ಹಸು ಕೊಡುತ್ತಾರಂತೆ ಎಂದು ಅಪ್ಪನಿಗೆ ಹೇಳಿದ್ದೆ. ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು ಓದುವ ಅಭ್ಯಾಸ ಇವತ್ತಿಗೂ ಇದೆ. ಮೊಬೈಲು, ಟ್ಯಾಬುಗಳಲ್ಲಿ ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಡಿಸಿ ಓದುವ ಅನುಕೂಲ ಬಂದದ್ದು ನನ್ನಂಥವರ ಪಾಲಿಗೆ ಕನ್ನಡಕಕ್ಕಿಂತ ದೊಡ್ಡ ಉಪಕಾರ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವನನ್ನು ನಂಬಬಾರದು ಎಂಬ ಭಾವನೆ ಎಲ್ಲ ಊರಿನಲ್ಲೂ ಇದೆ. ಕೆಲಸದ ಸಂದರ್ಶನಗಳಲ್ಲಿ ಇದರ ಬೆಲೆ ತೆತ್ತವರು ಬಹಳ. ಎದುರಿಗೆ ಕೂತವರು ಕಣ್ಣು ನೋಡುತ್ತಾರೆ, ಅದು ಅತ್ತಿತ್ತ ಹೋಗುತ್ತದೆ, ಸುಳ್ಳು ಹೇಳುತ್ತಿದ್ದಾನೆ ಅಥವಾ ಹೆದರಿದ್ದಾನೆ ಎಂದುಕೊಳ್ಳುತ್ತಾರೆ. ಕುಡಿದಿದ್ದಾನೆ ಎಂದುಕೊಳ್ಳುವವರೂ ಇದ್ದಾರೆ. ಅದಕ್ಕೆ ಒಂದು ಆಧಾರವೂ ಇದೆ ಎನ್ನುವುದು ವಿಪರ್ಯಾಸ. ಮದ್ಯ ಕಣ್ಣಿನ ಹಿಡಿತವನ್ನು ಸಡಿಲಿಸುವುದರಿಂದ, ಪಕ್ಕಕ್ಕೆ ನೋಡಿದಾಗ ಕುಡಿದವರ ಕಣ್ಣು ನೆಗೆಯುತ್ತದೆ. ಅಮೆರಿಕದ ಪೊಲೀಸರು ರಸ್ತೆಬದಿಯಲ್ಲಿ ಚಾಲಕರ ಕಣ್ಣೆದುರು ಪೆನ್ನು ಆಡಿಸಿ ಪರೀಕ್ಷಿಸುವುದು ಇದನ್ನೇ. ನಾನಂತೂ ಸಂದರ್ಶನದಲ್ಲಿ ಕೂತ ಕೂಡಲೇ ಮೊದಲು ಹೇಳಿಬಿಡುತ್ತೇನೆ: ನನ್ನ ಕಣ್ಣು ಹುಟ್ಟಿನಿಂದ ಹೀಗೆ, ನಿಮ್ಮನ್ನೇ ನೋಡುತ್ತಿದ್ದೇನೆ. ಒಂದೇ ವಾಕ್ಯ. ಅದಾದ ಮೇಲೆ ಅವರ ಭುಜ ಇಳಿಯುತ್ತದೆ, ನನ್ನದೂ. ಬ್ರಿಟನ್ನಿನ ಟಿ.ವಿ. ನಿರೂಪಕ, ಪತ್ತೇದಾರಿ ಕಾದಂಬರಿಗಳಿಂದ ಮನೆಮಾತಾದ ರಿಚರ್ಡ್ ಆಸ್ಮನ್ ತಮ್ಮ ನಿಸ್ಟ್ಯಾಗ್ಮಸ್ ಬಗ್ಗೆ ಬಹಿರಂಗವಾಗಿ ಮಾತಾಡಿದವರು. ಕ್ಯಾಮೆರಾ ಮುಂದೆ ದುಡಿಯುವವರೊಬ್ಬರು ಹಾಗೆ ಹೇಳಿಕೊಂಡದ್ದು ಎಷ್ಟು ತಂದೆತಾಯಿಗಳಿಗೆ ಧೈರ್ಯ ಕೊಟ್ಟಿರಬೇಕು.

ಆಡುವ ಕಣ್ಣು ವೈದ್ಯವಿಜ್ಞಾನಕ್ಕೆ ಒಂದು ನೊಬೆಲ್ ಬಹುಮಾನ ತಂದುಕೊಟ್ಟಿದೆ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ಕಿವಿಯ ವೈದ್ಯರಿದ್ದರು. ಕಿವಿಗೆ ನೀರು ಹಾಯಿಸಿ ತೊಳೆಯುವಾಗ ರೋಗಿಗಳು ತಲೆ ಸುತ್ತುತ್ತದೆ ಎನ್ನುತ್ತಿದ್ದರು, ನೋಡಿದರೆ ಅವರ ಕಣ್ಣೂ ನೆಗೆಯುತ್ತಿತ್ತು. ನೀರು ತಣ್ಣಗಿದ್ದರೆ ಕಣ್ಣು ಒಂದು ದಿಕ್ಕಿಗೆ ನೆಗೆಯುತ್ತದೆ, ಬಿಸಿಯಿದ್ದರೆ ಅದರ ವಿರುದ್ಧ ದಿಕ್ಕಿಗೆ, ಮೈಯಷ್ಟೇ ಬೆಚ್ಚಗಿದ್ದರೆ ಏನೂ ಇಲ್ಲ. ಬೇರೆಯವರಾಗಿದ್ದರೆ ನೀರಿನ ಹದ ನೋಡಿಕೊಂಡು ಸುಮ್ಮನಾಗುತ್ತಿದ್ದರೇನೋ. ಬಾರಾನಿ ಯೋಚಿಸಿದರು: ಒಳಗಿವಿಯ ಅರೆವೃತ್ತ ನಾಳಗಳಲ್ಲಿರುವ ದ್ರವ ಕಾದರೆ ಮೇಲೇರುತ್ತದೆ, ತಣಿದರೆ ಇಳಿಯುತ್ತದೆ. ತಲೆ ತಿರುಗುತ್ತಿದೆ ಎಂದು ಭ್ರಮಿಸಿದ ಮಿದುಳು ಕಣ್ಣನ್ನು ತಿರುಗಿಸುತ್ತದೆ. ಹೀಗೆ ಕಣ್ಣು ನೋಡಿ ಕಿವಿಯ ಆರೋಗ್ಯ ತಿಳಿಯುವ ಪರೀಕ್ಷೆ ಹುಟ್ಟಿತು, ಇವತ್ತಿಗೂ ಬಳಕೆಯಲ್ಲಿದೆ. ಅವರಿಗೆ 1914ರ ನೊಬೆಲ್ ಬಹುಮಾನ ಬಂದಾಗ ಅವರು ಆಸ್ಟ್ರಿಯಾದ ಸೇನಾ ವೈದ್ಯರಾಗಿ ಸೆರೆಸಿಕ್ಕು ರಷ್ಯಾದ ಯುದ್ಧಕೈದಿಗಳ ಶಿಬಿರದಲ್ಲಿದ್ದರು. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಪರವಾಗಿ ಮಧ್ಯೆ ಪ್ರವೇಶಿಸಿದ ಮೇಲೆ 1916ರಲ್ಲಿ ಬಿಡುಗಡೆಯಾಗಿ ಬಂದು ಬಹುಮಾನ ಪಡೆದರು.

ಅದೇ ಕಾಲದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಸಾವಿರಾರು ಕಾರ್ಮಿಕರ ಕಣ್ಣು ಆಡಲು ಶುರುವಾಗಿತ್ತು. ಮಿಣುಕು ಬೆಳಕಿನ ಸುರಕ್ಷಾ ದೀಪ, ಸುತ್ತಲೂ ಕಪ್ಪು, ವರ್ಷಗಟ್ಟಲೆ ದುಡಿಮೆ. 20ನೇ ಶತಮಾನದ ಮೊದಲ ದಶಕದಲ್ಲೇ ಅದು ಪರಿಹಾರ ಸಿಗಬೇಕಾದ ಕೈಗಾರಿಕಾ ರೋಗಗಳ ಪಟ್ಟಿ ಸೇರಿತು. ಕಣ್ಣು ನಿಜವಾಗಿಯೂ ಆಡುತ್ತದೋ, ಪರಿಹಾರದ ಆಸೆಗೆ ಆಡಿಸುತ್ತಾರೋ ಎಂಬ ಜಗಳವೂ ಜೊತೆಗೇ ಬಂತು. ಜಾರ್ಜ್ ಆರ್ವೆಲ್ 1937ರ ‘ದ ರೋಡ್ ಟು ವಿಗನ್ ಪಿಯರ್’ ಪುಸ್ತಕದಲ್ಲಿ ಗಣಿಯವರ ಈ ಕಾಯಿಲೆಯನ್ನು ಹೆಸರಿಸಿ ಬರೆದಿದ್ದಾರೆ. ಗಣಿಗಳಲ್ಲಿ ಬೆಳಕು ಸುಧಾರಿಸಿದ ಮೇಲೆ ರೋಗವೇ ಮರೆಯಾಯಿತು. ಕೆಲವರು ಬೇಕೆಂದೇ ಕಣ್ಣು ಕುಣಿಸಬಲ್ಲರು, ನಿಜ, ಆದರೆ ಕೆಲವು ಸೆಕೆಂಡು ಮಾತ್ರ. ದಿನವಿಡೀ ನಟಿಸುವುದು ಯಾರಿಂದಲೂ ಆಗದು.

ಹುಟ್ಟಿನಿಂದ ಬರುವ ಬಗೆಗೆ ಮರಳಿದರೆ, ಮಗುವಿಗೆ ಎರಡು ಮೂರು ತಿಂಗಳಾಗುವಾಗ ಅಮ್ಮಂದಿರಿಗೆ ಅದು ಕಣ್ಣಿಗೆ ಬೀಳುತ್ತದೆ. ಮನೆಯ ಹಿರಿಯರು “ಬೆಳೀತಾ ಬೆಳೀತಾ ಸರಿಹೋಗುತ್ತೆ” ಎನ್ನುತ್ತಾರೆ. ಆ ಮಾತು ಕೇಳಿಕೊಂಡು ಕೂರಬಾರದು. ನಿಸ್ಟ್ಯಾಗ್ಮಸ್ ತಾನೇ ಅಪಾಯಕಾರಿಯಲ್ಲದಿದ್ದರೂ ಅದರ ಹಿಂದೆ ಇನ್ನೇನೋ ಅಡಗಿರಬಹುದು: ಹುಟ್ಟುಪೊರೆ, ಮೈಯಲ್ಲಿ ಬಣ್ಣದ ಅಂಶ ಕಡಿಮೆಯಿರುವ ಆಲ್ಬಿನಿಸಂ, ಅಕ್ಷಿಪಟಲದ ಆನುವಂಶಿಕ ತೊಂದರೆ, ಪೂರ್ತಿ ಬೆಳೆಯದ ದೃಷ್ಟಿನರ. ಹುಟ್ಟುಪೊರೆಯಾದರೆ ವಾರಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯ ಅವಸರವಿರುತ್ತದೆ. ಆಲ್ಬಿನಿಸಂ ಇದ್ದೂ ಕೂದಲು ಚರ್ಮ ಹೆಚ್ಚುಕಡಿಮೆ ಎಲ್ಲರಂತೆಯೇ ಕಾಣುವ, ಕಣ್ಣಿಗಷ್ಟೇ ಸೀಮಿತವಾದ ಬಗೆಯೂ ಉಂಟು. ಇಂಥವುಗಳಲ್ಲಿ ಹಲವು, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥವು. ಸೋದರಮಾವ, ಅತ್ತೆಮಗಳು ಎಂದು ಸಂಬಂಧದೊಳಗೇ ಮದುವೆ ಮಾಡುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು. ಯಾವ ಕಾರಣವೂ ಸಿಗದವರೂ ಬಹಳಷ್ಟು ಇದ್ದಾರೆ, ನಾನು ಆ ಗುಂಪಿನವನು. ಎಕ್ಸ್ ಕ್ರೋಮೋಸೋಮಿನ ಎಫ್‌ಆರ್‌ಎಂಡಿ7 ಎಂಬ ಜೀನ್ ಅಂಥ ಹಲವು ಕುಟುಂಬಗಳಲ್ಲಿ ಕಾರಣ ಎಂದು 2006ರಲ್ಲಿ ಗೊತ್ತಾಯಿತು. ತಾಯಿಯ ಕಣ್ಣು ನೆಟ್ಟಗಿದ್ದರೂ ಮಗನಿಗೆ ಬರಬಹುದು. ಇದಕ್ಕೆ ಸೊಸೆಯನ್ನು ದೂರುವ ಅತ್ತೆಯಂದಿರಿಗೆ ಹೇಳಬೇಕಾದ್ದು ಇಷ್ಟೇ, ಬಸುರಿ ಏನು ತಿಂದಳು, ಗ್ರಹಣದಲ್ಲಿ ಎಲ್ಲಿ ನಿಂತಳು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ದೊಡ್ಡವರಲ್ಲಿ ದಿಢೀರನೆ ಶುರುವಾದರೆ ಅದು ಬೇರೆಯದೇ ವಿಷಯ. ಹಾಸಿಗೆಯಲ್ಲಿ ಮಗ್ಗುಲಾದಾಗ ಅರೆ ನಿಮಿಷ ತಲೆ ಗಿರ್ರೆಂದು ಕಣ್ಣು ನೆಗೆಯುವುದು ಒಳಗಿವಿಯ ಹರಳು ಜಾಗ ತಪ್ಪಿದ್ದರಿಂದ ಇರಬಹುದು. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಅದನ್ನು ವಾಸಿಮಾಡುತ್ತಾರೆ. ಮೂರ್ಛೆಗೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಹೆಚ್ಚಾದರೂ ಕಣ್ಣು ಆಡುತ್ತದೆ, ವೈದ್ಯರು ಡೋಸು ಸರಿಪಡಿಸಿದರೆ ಇಳಿಯುತ್ತದೆ. ಆದರೆ ಜೊತೆಗೆ ಮಾತು ತೊದಲಿದರೆ, ಎರಡೆರಡು ಕಂಡರೆ, ನಡಿಗೆ ವಾಲಿದರೆ ಕಣ್ಣಿನ ಅಂಗಡಿಗೆ ಹೋಗಿ ಕನ್ನಡಕ ಬದಲಿಸಿಕೊಂಡು ಕಾಲ ಕಳೆಯಬಾರದು. ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ತಕ್ಷಣ ಓಡಬೇಕು.

ಹುಟ್ಟಿನಿಂದ ಬಂದದ್ದನ್ನು ಪೂರ್ತಿ ನಿಲ್ಲಿಸುವ ಮದ್ದಿಲ್ಲ. ಕನ್ನಡಕ ಆಟ ನಿಲ್ಲಿಸುವುದಿಲ್ಲ, ಆದರೆ ಜೊತೆಯಲ್ಲಿರುವ ಪವರ್ ದೋಷ ತಿದ್ದಿದರೆ ಅಷ್ಟರ ಮಟ್ಟಿಗೆ ಲಾಭ. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನೊಂದಿಗೇ ಚಲಿಸುವುದರಿಂದ ಕೆಲವರಿಗೆ ಅದು ಹೆಚ್ಚು ಒಗ್ಗುತ್ತದೆ. 1953ರ ಸುಮಾರಿಗೆ ಆಸ್ಟ್ರೇಲಿಯಾದ ಆಂಡರ್ಸನ್ ಮತ್ತು ನ್ಯೂಯಾರ್ಕಿನ ಕೆಸ್ಟೆನ್‌ಬಾಮ್ ಬೇರೆಬೇರೆಯಾಗಿ ಸೂಚಿಸಿದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಸ್ನಾಯುಗಳನ್ನು ಸರಿಸಿ, ಮೂಲೆಯಲ್ಲಿದ್ದ ಶಾಂತ ದಿಕ್ಕನ್ನು ಎದುರಿಗೆ ತರುತ್ತಾರೆ. ಕತ್ತು ನೆಟ್ಟಗಾಗುತ್ತದೆ. ತೀರಾ ಕತ್ತು ಹೊರಳಿಸುವ ಮಕ್ಕಳಿಗೆ ಅದು ದೊಡ್ಡ ನೆಮ್ಮದಿ. 2007ರಲ್ಲಿ ಲೆಸ್ಟರ್‌ನ ಸಂಶೋಧಕರು ಗ್ಯಾಬಪೆಂಟಿನ್, ಮೆಮಾಂಟಿನ್ ಎಂಬ ಔಷಧಗಳಿಂದ ದೃಷ್ಟಿ ಒಂದಿಷ್ಟು ಸುಧಾರಿಸಿದ್ದನ್ನು ದಾಖಲಿಸಿದರು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದು ದಾರಿ ಹಿಡಿದರು. ಕಣ್ಣಿನ ಆಟದಿಂದ ಬಿಂಬ ಅಳಿಸಿಹೋಗಲು ಸಮಯವೇ ಸಿಗದಂತೆ ಮಿಂಚಿನಷ್ಟು ಬೇಗ ಪಟ್ಟೆಗಳನ್ನು ತೋರಿಸಿ ನೋಡಿದರು. ಆಗಲೂ ದೃಷ್ಟಿಯ ಸೂಕ್ಷ್ಮತೆ ಹೆಚ್ಚಲಿಲ್ಲ. ಎಳವೆಯಿಂದ ಮಸುಕು ಬಿಂಬವನ್ನೇ ಉಂಡು ಬೆಳೆದ ಮಿದುಳು ಅಷ್ಟಕ್ಕೇ ಒಗ್ಗಿಕೊಂಡಿರುತ್ತದೆ ಎಂದು ಇದರಿಂದ ತೋರುತ್ತದೆ. ಕಣ್ಣಿನ ವ್ಯಾಯಾಮ, ವಿಶೇಷ ತೈಲ ಎಂದು ದುಡ್ಡು ಕೀಳುವವರ ಬಾಗಿಲಿಗೆ ಹೋಗುವ ಮುಂಚೆ ಈ ಪ್ರಯೋಗ ನೆನಪಿರಲಿ.

ಕಣ್ಣಿನ ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಒಂದು ಕಣ್ಣು ಮುಚ್ಚಿದ ತಕ್ಷಣ ಕೆಲವರ ಆಟ ದುಪ್ಪಟ್ಟಾಗುತ್ತದೆ. ಮುಚ್ಚಿ ಅಳೆದ ಅಂಕಿ ಅವರ ದಿನನಿತ್ಯದ ದೃಷ್ಟಿಯನ್ನು ಹೇಳುವುದಿಲ್ಲ. ಎರಡೂ ಕಣ್ಣು ತೆರೆದು, ಅವರಿಗೆ ಬೇಕಾದ ಕಡೆ ಕತ್ತು ತಿರುಗಿಸಲು ಬಿಟ್ಟು ಮತ್ತೊಮ್ಮೆ ಅಳೆಯಿರಿ ಎಂದು ಕೇಳುವ ಹಕ್ಕು ನಮಗಿದೆ. ಸರ್ಕಾರಿ ಪ್ರಮಾಣಪತ್ರದ ವಿಚಾರಕ್ಕೆ ಬಂದರೆ ಅಳತೆಗೋಲು ಅಕ್ಷರದ ಗಾತ್ರವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯ ಶೇ. 40 ಮುಟ್ಟಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಸೇರಿದಂತೆ. ಕನ್ನಡಕ ಹಾಕಿಕೊಂಡು ಎರಡೂ ಕಣ್ಣು ಅಕ್ಷರದ ಚಾರ್ಟಿನ 6/18ರ ಸಾಲು ಓದಿದರೆ ಸಿಗುವ ಶೇಕಡಾವಾರು ಸೊನ್ನೆ. ಹುಟ್ಟು ನಿಸ್ಟ್ಯಾಗ್ಮಸ್‌ನವರಲ್ಲಿ ಎಷ್ಟೋ ಮಂದಿ, ನನ್ನನ್ನೂ ಸೇರಿಸಿ, ನಿಲ್ಲುವುದು ಆ ಗೆರೆಯ ಆಚೀಚೆ. 6/18ರ ಸಾಲನ್ನು ನಾನು ಓದುತ್ತೇನೆ, ಕತ್ತು ತಿರುಗಿಸಿ, ಉಸಿರು ಹಿಡಿದು, ಒಂದೊಂದೇ ಅಕ್ಷರ. ಓದಲು ಎಷ್ಟು ಹೊತ್ತಾಯಿತು ಎಂದು ಬರೆದುಕೊಳ್ಳುವ ಕಾಲಂ ಆ ಫಾರಂನಲ್ಲಿಲ್ಲ. ಹೆಚ್ಚು ಸಮಯ ಬೇಕೆನ್ನುವುದೇ ಮೂಲ ತೊಂದರೆಯಾಗಿರುವವರಿಗೆ ಹೆಚ್ಚುವರಿ ಸಮಯ ಸಿಗದಿರುವುದು ಹೀಗೆ.

ಕಾಯ್ದೆ ಬದಲಾಗುವವರೆಗೆ ಶಾಲೆಗಳು ಕಾಯಬೇಕಿಲ್ಲ. ಪೋಷಕರು ಕಣ್ಣಿನ ವೈದ್ಯರಿಂದ ಅರ್ಧ ಪುಟದ ಪತ್ರ ಬರೆಸಿಕೊಳ್ಳಲಿ: ಮಗುವಿನ ಶಾಂತ ದಿಕ್ಕು ಯಾವುದು, ತರಗತಿಯ ಯಾವ ಬದಿಯಲ್ಲಿ ಕೂರಿಸಬೇಕು, ಪ್ರಶ್ನೆಪತ್ರಿಕೆಯ ಅಕ್ಷರ ಎಷ್ಟು ದೊಡ್ಡದಿರಬೇಕು, ಬೋರ್ಡಿನಿಂದ ಬರೆದುಕೊಳ್ಳಲು ಎಷ್ಟು ಹೆಚ್ಚು ಹೊತ್ತು ಬೇಕು. ವರ್ಷದ ಮೊದಲ ವಾರವೇ ಅದು ಪ್ರತಿ ಮೇಷ್ಟರ ಕೈ ಸೇರಲಿ, ವರ್ಗವಾಗಿ ಹೊಸಬರು ಬಂದರೆ ಅವರಿಗೂ. ಕಿರುಪರೀಕ್ಷೆಯಲ್ಲಿ ಹತ್ತು ನಿಮಿಷ ಹೆಚ್ಚು ಕೊಡಲು ಯಾವ ಶೇಕಡಾವಾರು ಲೆಕ್ಕವೂ ಬೇಡ, ಮುಖ್ಯೋಪಾಧ್ಯಾಯರ ಒಂದು ಸಹಿ ಸಾಕು.